ಹೆಪ್ಪು ಹಿಡಿಯದ ಹಾಲು

ಕರಿ ಕಾಳನ್ನು ಒದ್ದೆ ಕಲ್ಲಿನ ಮೇಲಿಟ್ಟು ಸಬ್‌ಇನ್‌ಸ್ಪೆಕ್ಟರ್ ಮೌನಮ್ಮ ಹೆಬ್ಬೆರಳಿನಿಂದ ಒತ್ತಿ ತಿಕ್ಕಿದಳು. ನಾಲ್ಕು ಸಲ ತಿಕ್ಕುವಷ್ಟರಲ್ಲಿ ಕಪ್ಪು ಕಳಚಿ ಒಳಗಿನಿಂದ ಕೆಂಪು ಹೊರಬಂತು.

“ಇಟ್ಟಂಗಿ,” ಎಂದಳು.

“ಏನ್ರಿ ಮೇಡಮ್?” ಕಾನ್‌ಸ್ಟೇಬಲ್ ಅಯ್ಯಪ್ಪ ಬಗ್ಗಿ ನೋಡಿದ.

“ಇಟ್ಟಂಗಿ ಚೂರಿಗೆ ಮಸಿ ಬಳದು ತುಂಬ್ಯಾರ. ತೊಟ್ಟ್ಯಾಗ ಇರೋದೆಲ್ಲಾ ಇದ.”

ತೊಟ್ಟಿಯ ಆಚೆ ನಿಂತಿದ್ದ ಗೌಹರಬೇಗಂ ನೀರಿಗೆ ಕೈ ಇಳಿಸಿ ಒಂದು ಹಿಡಿ ಕಾಳು ತೆಗೆದು ಒಂದೊಂದನ್ನೇ ಕಲ್ಲಿನಿಂದ ಜಜ್ಜಿದಳು. ಎಲ್ಲವೂ ಕೆಂಪು. ಸುರಪುರದ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವ ಈಕೆ ಮೂರು ವರ್ಷದಿಂದ, ಗೋಗಿ ಹಳ್ಳದ ಹೊಲಸು ನೀರನ್ನು ಶುದ್ಧ ಮಾಡುವ ಈ ತೊಟ್ಟಿ ಬಿಟ್ಟು ಬೇರೇನನ್ನೂ ಯೋಚಿಸಿರಲಿಲ್ಲ. ಸೋಮವಾರ ಅಧಿಕಾರಿಗಳ ಎದುರಿಗೆ ಆಕೆಯ ತೊಟ್ಟಿ ಸೋತಿತ್ತು. ಒಳಗೆ ಬಿಟ್ಟ ಹೊಲಸು ನೀರು ಹೊರಗೂ ಅಷ್ಟೇ ಹೊಲಸಾಗಿ ಬಂದಿತ್ತು.

“ನನ್ನ ಕಾಳು ಒಳಗೂ ಕರಿ ಇರ್ತಾವ ಮೌನಾ. ಹತ್ತಿಕಟಗಿ ಸುಟ್ಟ ಇದ್ದಿಲು, ಅದಕ್ಕ ಕಬ್ಬಿಣ ಹಿಡಿಸಿದ್ದು. ಇವು ನನ್ನವಲ್ಲ. ನಾ ಸೋತಿಲ್ಲ.”

ಆ ಕೊನೆಯ ಮಾತು ಮೌನಮ್ಮನ ಎದೆಗೆ ಮುಳ್ಳಿನಂತೆ ಚುಚ್ಚಿತು. ಶಹಾಪುರದ ಶಾಲೆಯಲ್ಲಿ ಏಳು ವರ್ಷ ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತವರು. ಗೌಹರ್ ಯಾವಾಗಲೂ ಮೊದಲನೆಯವಳು, ಮೌನಮ್ಮ ಯಾವಾಗಲೂ ಎರಡನೆಯವಳು. ಸೋಮವಾರದ ಸುದ್ದಿ ಕೇಳಿದಾಗ, ಯಾರಿಗೂ ಹೇಳಿಕೊಳ್ಳಲಾಗದ ಒಂದು ಸಮಾಧಾನ ಮೌನಮ್ಮನೊಳಗೆ ಸುಳಿದು ಹೋಗಿತ್ತು. ಈಗ ಅದನ್ನೂ ಈ ಇಟ್ಟಂಗಿ ಚೂರುಗಳು ಕಸಿದುಕೊಂಡವು.

ಆದರೆ ಈಗ ಕೇಸು ಸೋತ ತೊಟ್ಟಿಯದಲ್ಲ, ಕೊಲೆಯದು. ತೊಟ್ಟಿ ಕಾಯುತ್ತಿದ್ದ ಹುಲಗಪ್ಪನ ಹೆಣ ನಿನ್ನೆ ಗುರುವಾರ, ಕಾಲುವೆಗೆ ನೀರು ನಿಲ್ಲಿಸಿದ ಮೇಲೆ, ಗೋಗಿಯ ಕೆಳಗಿನ ಗೇಟಿಗೆ ಸಿಕ್ಕಿಕೊಂಡು ಕಂಡಿತ್ತು. ತಲೆಯ ಹಿಂದೆ ಪೆಟ್ಟು; ಸತ್ತದ್ದು ಬುಧವಾರ ಎಂದಿದ್ದರು ವೈದ್ಯರು. ಉಗುರಿನ ಸಂದಿಯಲ್ಲಿ ಕೆಂಪು ಪುಡಿ.

ಕಾಲುವೆಯಲ್ಲಿ ಇಟ್ಟಂಗಿ ಪುಡಿ ಎಲ್ಲಿಂದ ಬರಬೇಕು? ಮೌನಮ್ಮ ತೊಟ್ಟಿಯಿಂದ ಕಾಲುವೆಯ ಅಂಚಿನವರೆಗೆ ನಡೆದು ನೋಡಿದಳು. ಬರೋಬ್ಬರಿ ಹನ್ನೆರಡು ಹೆಜ್ಜೆ.

ಹಳ್ಳದ ಕಡೆಯಿಂದ ಕುರಿಗಳ ಹಿಂದೆ ಒಬ್ಬ ಹೆಂಗಸು ಕುಂಟುತ್ತ ಬಂದಳು. ಕುರಿಗಾರ ಮಲ್ಕಪ್ಪನ ಹೆಂಡತಿ ಬಾಲಮ್ಮ. ಬಲಗಾಲಿಗೆ ಹಳೆ ಸೀರೆಯ ಪಟ್ಟಿ ಸುತ್ತಿಕೊಂಡಿದ್ದಳು.

“ಬಾಯೀರಾ, ತೊಟ್ಟಿ ಮತ್ತ ಸುರು ಆಗ್ತದೇನ್ರಿ?” ಎಂದು ಗೌಹರಬೇಗಂಳನ್ನೇ ಕೇಳಿದಳು.

“ಕಾಲು ಹ್ಯಾಂಗದ ಬಾಲಮ್ಮ?”

“ಎರಡು ತಿಂಗಳಾತು, ಗಾಯ ಮಾಯವಲ್ದು. ಮೂರು ನಮೂನಿ ಗುಳಗಿ ಕೊಟ್ರು. ಹುಳಕ್ಕ ಗುಳಗಿ ರೂಢಿ ಆಗ್ಯಾದ, ಇನ್ನ ದೊಡ್ಡ ಊರಿಗೆ ಹೋಗು ಅಂದ್ರು ಯಾದಗಿರಿ ಡಾಕ್ಟರು. ಈ ಹಳ್ಳದಾಗs ನಿಂತು ಕುರಿ ತೊಳೀತೀನಲ್ರಿ ನಾ.”

ಆಕೆ ದೂರ ಹೋದ ಮೇಲೆ ಅಯ್ಯಪ್ಪ ಕೇಳಿದ, “ಔಷಧಕ್ಕ ಹುಳ ರೂಢಿ ಆಗೋದು ಅಂದ್ರ ಹ್ಯಾಂಗ್ರಿ?”

“ಔಷಧಿ ಕಾರ್ಖಾನಿ ಟ್ಯಾಂಕರು ಕದ್ದು ತಂದು ಹಳ್ಳಕ್ಕ ಸುರೀತಾವ,” ಎಂದಳು ಗೌಹರಬೇಗಂ. “ಕಣ್ಣಿಗೆ ಕಾಣದ ರೋಗದ ಹುಳ ಕೊಲ್ಲೋ ಔಷಧಿ ನೀರಾಗ ಸದಾ ಇದ್ರ, ಸಾಯೋ ಹುಳ ಸಾಯ್ತಾವ, ಗಟ್ಟಿ ಹುಳ ಉಳೀತಾವ. ಆಮ್ಯಾಲ ಅದೇ ಗುಳಗಿ ನುಂಗಿದ್ರ ಏನಾಗ್ತದ? ನನ್ನ ಕಾಳು ಆ ಔಷಧೀನ ಬಿಸಲಾಗ ಚೂರು ಚೂರು ಮಾಡ್ತಾವ. ಗಾಯ ತೊಳಿಯೋ ನೊರಿ ಔಷಧ ಇರ್ತದಲ್ಲ, ಅದೊಂದು ಸ್ವಲ್ಪ ಹಾಕಿದ್ರ ಸಾಕು. ಕೆಲಸ ಮಾಡಿಸ್ತಾವ, ತಾವು ಸವೆಯಂಗಿಲ್ಲ. ಅದಕ್ಕs ವೇಗವರ್ಧಕ ಅನ್ನೋದು.”

ಅಯ್ಯಪ್ಪ ಬಾಯಿ ತೆರೆದು ಕೇಳುತ್ತಿದ್ದ. ಜೊತೆಗೆ ಕೆಲಸ ಮಾಡಿದ ಹದಿನಾಲ್ಕು ವರ್ಷದಲ್ಲಿ ತನ್ನ ಮಾತನ್ನು ಅವನು ಒಮ್ಮೆಯೂ ಹೀಗೆ ಕೇಳಿಲ್ಲ ಎಂದು ಮೌನಮ್ಮನಿಗೆ ಅನಿಸಿತು.

“ತೊಟ್ಟಿ ಬೇಲಿ ಕೀಲಿ ಯಾರ್‍ಯಾರ ಹತ್ರ ಅದಾವ?” ಅವಳ ದನಿ ಬೇಕಾದ್ದಕ್ಕಿಂತ ಬಿರುಸಾಗಿತ್ತು.

“ನನ್ನ ಹತ್ರ ಒಂದು. ಹುಲಗಪ್ಪನ ಹತ್ರ ಒಂದು. ನಮ್ಮ ಕಾಲೇಜಿನ ಭಾಗಣ್ಣ ಸರ್ ಹತ್ರ ಒಂದು.”

“ಬುಧವಾರ ನೀ ಎಲ್ಲಿದ್ದಿ?”

ಗೌಹರಬೇಗಂ ಅವಳನ್ನು ಒಂದು ಕ್ಷಣ ದಿಟ್ಟಿಸಿದಳು. “ಯಾದಗಿರ್‍ಯಾಗ, ಮನ್ಯಾಗ. ಸೋಮವಾರ ಅಷ್ಟು ಮಂದಿ ಮುಂದ ನಗೆಪಾಟಲಾಗಿ ಬಂದೀನಿ. ಕದ ಹಾಕ್ಕೊಂಡು ಮಲಗಿದ್ದೆ.”

“ನೋಡಿದವ್ರು?”

“ಯಾರೂ ಇಲ್ಲ.”

*

ಕಾಳುಗಳೆಲ್ಲ ಒಂದೇ ಗಾತ್ರದವು. ಕೈಯಿಂದ ಒಡೆದ ಇಟ್ಟಂಗಿ ಹಾಗೆ ಒಡೆಯುವುದಿಲ್ಲ. ಯಾರೋ ಜರಡಿ ಹಿಡಿದಿದ್ದಾರೆ. ಜೀಪು ಸುರಪುರ ಮುಟ್ಟುವವರೆಗೆ ಮೌನಮ್ಮ ಅದನ್ನೇ ಯೋಚಿಸಿದಳು.

ಕಾಲೇಜಿನ ಪ್ರಯೋಗಶಾಲೆಯಲ್ಲಿ ಹಿತ್ತಾಳೆಯ ಜರಡಿಗಳು ಒಂದರ ಮೇಲೊಂದು ಪೇರಿಸಿದ್ದವು. ಮೂರನೆಯದನ್ನು ಬಿಳಿ ಹಾಳೆಯ ಮೇಲೆ ಬಡಿದಾಗ ಕೆಂಪು ಪುಡಿ ಉದುರಿತು. ಭಾಗಣ್ಣ ಸರ್ ಮಂಗಳವಾರದಿಂದ ರಜೆಯ ಮೇಲಿದ್ದಾರೆ ಎಂದು ಜವಾನ ಹೇಳಿದ.

ಮಧ್ಯಾಹ್ನದ ಬಿಸಿಲಲ್ಲಿ ಅವರ ಮನೆಯ ಬಾಗಿಲು ತೆರೆದವಳು ಹೆಂಡತಿ ದೇವಕಮ್ಮ. ನಲವತ್ತೈದರ ಆಸುಪಾಸು. ಅತ್ತು ಅತ್ತು ಕಣ್ಣು ಬಾತಿದ್ದವು.

“ಸರ್ ಅದಾರೇನ್ರಿ?”

“ಮಲಗ್ಯಾರ. ಕೂಡ್ರಿ, ಎಬ್ಬಸ್ತೀನಿ.”

“ಜರಾ ನೀರು ಕೊಡ್ರಿ ಮೊದಲ.” ಮೌನಮ್ಮ ಆಕೆಯ ಹಿಂದೆಯೇ ಅಡುಗೆಮನೆಗೆ ನಡೆದಳು.

ಕಟ್ಟೆಯ ಮೇಲೆ ಆರು ಸ್ಟೀಲ್ ಬಟ್ಟಲುಗಳು ಎರಡು ಸಾಲಿನಲ್ಲಿದ್ದವು. ಪ್ರತಿಯೊಂದಕ್ಕೂ ಚೀಟಿ ಅಂಟಿಸಿತ್ತು. ಮೇಲಿನ ಸಾಲಿನ ಮೂರರಲ್ಲಿ ಹಾಲು ಹೆಪ್ಪೇ ಹಿಡಿಯದೆ ನೀರಾಗಿ ಕೆಟ್ಟು ಹಳದಿ ತಿರುಗಿತ್ತು. ಕೆಳಗಿನ ಸಾಲಿನ ಮೂರರಲ್ಲಿ ಗಟ್ಟಿ ಮೊಸರು, ಬಟ್ಟಲು ಬಗ್ಗಿಸಿದರೂ ಅಲುಗಲಿಲ್ಲ.

“ಇವನ್ನ ಯಾಕ ಚೆಲ್ಲಿಲ್ರಿ?”

“ಮುಟ್ಟಬ್ಯಾಡ ಅಂದಾರ. ಅವರs ಇಟ್ಟಿದ್ದು.” ದೇವಕಮ್ಮನ ದನಿ ಕಹಿಯಾಯಿತು. “ಇಪ್ಪತ್ತು ವರ್ಷಾತು ಲಗ್ನಾಗಿ. ಒಂದು ದಿನ ಒಲಿ ಕಡಿಗೆ ಬಂದವರಲ್ಲ. ಆಕಿ ಕಾಳಿನ ಸಲುವಾಗಿ ಮಂಗಳವಾರ ಹಾಲು ಕಾಸಿ ಹೆಪ್ಪು ಹಾಕ್ಯಾರ.”

“ಆಕಿ ಅಂದ್ರ?”

“ಮತ್ಯಾರು? ಗೌಹರಬೇಗಂ.” ಹೆಸರನ್ನು ಉಗುಳಿದ ಹಾಗೆ ಹೇಳಿದಳು.

ಹಿಂದಿನಿಂದ ಸಪ್ಪಳವಾಯಿತು. ಭಾಗಣ್ಣ ಬಾಗಿಲಲ್ಲಿ ನಿಂತಿದ್ದ. ಗಡ್ಡ ಬೆಳೆದಿತ್ತು. ಪೊಲೀಸರನ್ನೂ ಬಟ್ಟಲುಗಳನ್ನೂ ನೋಡಿದ. ಓಡುವ ಯೋಚನೆ ಅವನ ಮುಖದಲ್ಲಿರಲಿಲ್ಲ.

“ಸರ್, ನಾ ಲೆಕ್ಚರರ್ ಅಲ್ಲ. ಹಾಲು ಯಾಕ ಹೆಪ್ಪು ಹಿಡೀಲಿಲ್ಲ, ನೀವs ಹೇಳ್ರಿ,” ಎಂದಳು ಮೌನಮ್ಮ.

ಅವನು ಗೋಡೆಗೆ ಒರಗಿ ಕೆಳಗೆ ಕೂತ. ತರಗತಿಯಲ್ಲಿ ಮಾತಾಡುವಂತೆ ಹೇಳತೊಡಗಿದ.

“ಹಾಲು ಮೊಸರಾಗೋದು ಹುಳದಿಂದ. ಅವು ಒಳ್ಳೇ ಹುಳ. ಮ್ಯಾಲಿನ ಸಾಲಿಗೆ ಹಳ್ಳದ ನೀರು ಹಂಗs ಬೆರಸೀನಿ. ಅದ್ರಾಗಿನ ಔಷಧಿ ಆ ಹುಳಗೋಳನ್ನ ಕೊಂದದ. ಅದಕ್ಕ ಹೆಪ್ಪಿಲ್ಲ.”

“ಕೆಳಗಿನ ಸಾಲು?”

“ಅದೇ ಹಳ್ಳದ ನೀರು. ಆದ್ರ ಇಡೀ ದಿನ ಬಿಸಲಾಗ ಆಕಿ ಕಾಳಿನ ಮ್ಯಾಲ ಇಟ್ಟಿದ್ದು.” ಅವನು ಕಟ್ಟೆಯ ಕಡೆ ಬೆರಳು ತೋರಿದ. “ಮೊಸರಾಗ್ಯಾದ, ನೋಡ್ರಿ. ಎಷ್ಟು ಚಂದ ಆಗ್ಯಾದ.”

“ಖರೇ ಕಾಳು ನಿಮ್ಮ ಹತ್ರ ಹ್ಯಾಂಗ ಬಂದ್ವು?”

“ನಾ ಕದ್ದೆ.”

ದೇವಕಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

“ರವಿವಾರ ಹುಲಗಪ್ಪ ಉಣ್ಣಾಕ ಊರಿಗೆ ಹೋದಾಗ ಬದಲಿ ಮಾಡೀನಿ. ನಾಲ್ಕು ಚೀಲ. ಸೋಮವಾರ ಆಕಿ ಸೋಲಬೇಕಿತ್ತು. ಅಷ್ಟs ಬೇಕಾಗಿತ್ತು ನನಗ.”

“ಯಾಕ?”

ಭಾಗಣ್ಣ ನಕ್ಕ. ನಗೆ ಅಳುವಿಗಿಂತ ಕೆಟ್ಟದಾಗಿತ್ತು.

“ಹತ್ತಿಕಟಗಿ ಇದ್ದಿಲಿಗೆ ಕಬ್ಬಿಣ ಹಿಡಿಸೋ ವಿಚಾರ ನನ್ನದು ಮೇಡಮ್. ಹದಿನೈದು ವರ್ಷದ ಕೆಳಗ ಸುರು ಮಾಡಿದ್ದೆ. ಎರಡು ವರ್ಷ ಬಡದಾಡಿದೆ. ಕಬ್ಬಿಣ ನಿಲ್ಲಲಿಲ್ಲ, ನೀರಾಗ ಬಿಟ್ಟು ಹೋಗ್ತಿತ್ತು. ಕೈ ಬಿಟ್ಟೆ. ಆಕಿ ನನ್ನ ವಿದ್ಯಾರ್ಥಿ. ನನ್ನ ಹಳೇ ವಹಿ ಕೇಳಿ ತಗೊಂಡು ಹೋದಳು. ಮೂರು ವರ್ಷದಾಗ ಮಾಡಿಬಿಟ್ಟಳು. ಎಲ್ಲಾ ಪೇಪರಿನ್ಯಾಗ ಆಕಿ ಹೆಸರು. ನನ್ನ ಹೆಸರು ಕಡೇ ಸಾಲಿನ್ಯಾಗ. ‘ಉಪಕಾರ ಸ್ಮರಿಸುತ್ತೇನೆ’ ಅಂತ.”

ಮೌನಮ್ಮ ಕಣ್ಣು ಬೇರೆ ಕಡೆ ತಿರುಗಿಸಿದಳು. ಅವನಿಗೆ ಛೀಮಾರಿ ಹಾಕಬೇಕಿತ್ತು. ಅದಕ್ಕೆ ಬೇಕಾದ ಸಿಟ್ಟು ಅವಳಲ್ಲಿ ಹುಟ್ಟಲಿಲ್ಲ.

“ಕದ್ದ ಮ್ಯಾಲ ಪರೀಕ್ಷಾ ಎದಕ ಮಾಡಿದ್ರಿ?”

“ಅವು ಕೆಲಸ ಮಾಡಂಗಿಲ್ಲ ಅಂತ ನೋಡಬೇಕಿತ್ತು. ಆಕಿ ಎಲ್ಲಾರಿಗೂ ಸುಳ್ಳ ಹೇಳ್ಯಾಳ ಅಂತ ಗೊತ್ತಾದ್ರ ನನಗ ನಿದ್ದಿ ಬರ್ತಿತ್ತು. ಕಾಲೇಜಿನ್ಯಾಗ ಮಾಡಿದ್ರ ಯಾರರ ನೋಡ್ತಾರ. ಅದಕ್ಕ ಮನ್ಯಾಗ, ಹಾಲಿನ್ಯಾಗ. ಬುಧವಾರ ಮುಂಜಾನೆದ್ದು ಬಟ್ಟಲಾ ಬಗ್ಗಿಸಿದೆ…”

“ಹುಲಗಪ್ಪಗ ಗೊತ್ತಿತ್ತಾ?”

“ಉಂಡು ತಿರುಗಿ ಬರಾಗ ಚೀಲ ಹೇರೋದು ನೋಡ್ಯಾನ. ಸೋಮವಾರ ನನ್ನ ಕಡಿಗೆ ಹ್ಯಾಂಗ ನೋಡ್ತಿದ್ದ ಅಂದ್ರ… ಅಂವ ಬಾಯಿ ಬಿಟ್ರ ನಾ ಸತ್ತಂಗ.”

“ಅದಕ್ಕ ಅವನ ಬಾಯಿ ಮುಚ್ಚಿಸಿದ್ರಿ.”

“ಇಲ್ಲ!” ಭಾಗಣ್ಣ ಎದ್ದು ನಿಂತ. “ಬುಧವಾರ ನಾ ಹೋಗಿದ್ದು ಕಾಳು ತಿರುಗಿ ಹಾಕಾಕ. ಮೊದಲ ಶಹಾಪುರಕ್ಕ ಹೋಗಿ, ದೋಸ್ತನ ಹತ್ತಿ ಗೋದಾಮಿನ್ಯಾಗ ಇಟ್ಟಿದ್ದ ಚೀಲ ಆಟೋಕ್ಕ ಹೇರಿಕೊಂಡೆ. ಗೋಗಿ ದಾಟಿದಾಗ ಹನ್ನೆರಡು ಹೊಡದಿತ್ತು. ದೂರದಿಂದs ಕಂಡಿತು. ತೊಟ್ಟಿ ಮ್ಯಾಲ ಬಿಳೇ ಕೋಟು ಹಾಕ್ಕೊಂಡು, ತಲಿ ಮ್ಯಾಲ ಸೆರಗು ಹೊತ್ತು ಬಗ್ಗಿ ನಿಂತಿದ್ದಳು.”

“ಯಾರು?”

“ಇನ್ಯಾರು? ಗೌಹರಬೇಗಂ! ಆ ಬಿಳೇ ಕೋಟಿಲ್ದ ಆಕಿ ತೊಟ್ಟಿ ಹತ್ರ ಹೋಗಿದ್ದಿಲ್ಲ. ಆಕೀನ ನೋಡಿ ನನಗ ಎದಿ ಝಲ್ ಅಂತು. ಯಾವ ಮುಖ ಹೊತ್ತು ಮುಂದ ಹೋಗ್ಲಿ? ಆಟೋ ತಿರುಗಿಸಿ ಬಂದುಬಿಟ್ಟೆ.”

ಅಯ್ಯಪ್ಪ ಮೌನಮ್ಮನ ಮುಖ ನೋಡಿದ. ಬುಧವಾರ ಯಾದಗಿರಿಯ ಮನೆಯಲ್ಲಿ ಕದ ಹಾಕಿಕೊಂಡು ಮಲಗಿದ್ದೆ ಎಂದವಳು!

ಕೊಲೆಯಾದ ದಿನ, ಕೊಲೆಯಾದ ಜಾಗದಲ್ಲಿ ಗೌಹರ್. ಈ ಮಾತನ್ನು ಎರಡನೇ ಸಲ ಯೋಚಿಸದೆ ನಂಬಲು ಮೌನಮ್ಮನ ಮನಸ್ಸು ತುದಿಗಾಲಲ್ಲಿ ನಿಂತಿತ್ತು. ಹೇಳುತ್ತಿರುವವನು ಹೊಟ್ಟೆಕಿಚ್ಚಿನಿಂದ ಬೆಂದವನು, ಕೇಳುತ್ತಿರುವವಳು? ಅವಳು ತನ್ನನ್ನೇ ತಡೆದು ನಿಲ್ಲಿಸಿಕೊಂಡಳು.

“ನೀವು ಮುಖ ನೋಡೀರೇನು?”

“ಮುಖ ಇಲ್ಲ. ಆದ್ರ…”

“ಆಕೀನ ಕಂಡು ಹೆದರಿ ತಿರುಗಿ ಬಂದ್ರಾ ನೀವು?”

ಕೇಳಿದವಳು ಮೌನಮ್ಮ ಅಲ್ಲ, ದೇವಕಮ್ಮ. ಗಂಡನ ಎದುರಿಗೆ ಬಂದು ನಿಂತಿದ್ದಳು.

“ಹೌದು. ಯಾಕ?”

“ನಗಲಿಲ್ಲ? ಕೈ ಎತ್ತಲಿಲ್ಲ? ಆಕಿ ಹತ್ರ ಹೋಗಲಿಲ್ಲ?”

“ಕದ್ದವನು ಹ್ಯಾಂಗ ಹೋಗ್ಲಿ ಅಂತೀನಿ!”

ದೇವಕಮ್ಮ ಅಲ್ಲೇ ನೆಲಕ್ಕೆ ಕುಸಿದಳು. ಎರಡು ಕೈಯಿಂದ ಹಣೆ ಬಡಿದುಕೊಂಡಳು. “ಅಲ್ಲಿ ನಿಂತಾಕಿ ಗೌಹರಬೇಗಂ ಅಲ್ರಿ. ನಾನು.”

ಭಾಗಣ್ಣನಿಗೆ ಅರ್ಥವಾಗಲಿಲ್ಲ. ಹೆಂಡತಿಯನ್ನು ಹೊಸಬಳನ್ನು ನೋಡಿದಂತೆ ನೋಡಿದ.

“ಮೂರು ವರ್ಷದಿಂದ ಈ ಮನ್ಯಾಗ ಆಕಿ ಹೆಸರು ಬಿಟ್ಟು ಬ್ಯಾರೆ ಮಾತಿಲ್ಲ,” ದೇವಕಮ್ಮ ಮೌನಮ್ಮನ ಕಡೆ ತಿರುಗಿ ಹೇಳಿದಳು. “ಉಣ್ಣಾಗ ಆಕಿ, ಮಲಗಾಗ ಆಕಿ. ಬೈತಿದ್ರು, ಖರೇ. ಆದ್ರ ಅಷ್ಟು ಬೈಬೇಕಾದ್ರ ಎಷ್ಟು ನೆನಸಬೇಕ್ರಿ? ಬುಧವಾರ ಮುಂಜಾನೆ ಆ ಮೊಸರು ನೋಡಿ ಅತ್ರು. ನಮ್ಮಪ್ಪ ಸತ್ತಾಗೂ ಅಳದವರು, ಆಕಿ ಮೊಸರಿಗೆ ಅತ್ರು! ಆಮ್ಯಾಲ ಕಾಲೇಜಿಗೆ ಹೋಗ್ತೀನಿ ಅಂತ ಸುಳ್ಳ ಹೇಳಿ ಹೊಂಟ್ರು. ತೊಟ್ಟಿ ಹತ್ರ ಆಕೀನ ನೋಡಾಕ ಹೊಂಟಾರ ಅಂತ ತಿಳದೆ.”

“ನೀವು ಏನ್ ಮಾಡಿದ್ರಿ?”

“ಇವರ ಬಿಳೇ ಕೋಟು ಹಾಕ್ಕೊಂಡೆ. ಆಟೋ ಹತ್ತಿ ಮೊದಲs ಹೋಗಿ ನಿಲ್ಲೋಣ, ದೂರದಿಂದ ಆಕಿನೇ ಅಂತ ತಿಳದು ಇವರು ಹ್ಯಾಂಗ ಬರ್ತಾರ ನೋಡೋಣ ಅಂದ್ಕೊಂಡೆ. ಮುಖದ ಮ್ಯಾಲ ಖುಷಿ ಇರ್ತದೋ ಇಲ್ಲೋ, ಅಷ್ಟು ನೋಡಬೇಕಿತ್ತು ನನಗ. ಅಷ್ಟs.”

ದೇವಕಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಮುಂದುವರಿಸಿದಳು.

“ಹೋದ್ರ, ಬೇಲಿ ಕೀಲಿ ತೆಗದಿತ್ತು. ತೊಟ್ಟ್ಯಾಗ ಹುಲಗಪ್ಪ ಬೋರಲು ಬಿದ್ದಿದ್ದ. ಮೈ ತಣ್ಣಗಾಗಿತ್ತು.”

“ತೊಟ್ಟ್ಯಾಗ?” ಮೌನಮ್ಮ ಒಂದು ಹೆಜ್ಜೆ ಮುಂದೆ ಬಂದಳು. “ಹೆಣ ಸಿಕ್ಕಿದ್ದು ಕಾಲುವ್ಯಾಗ.”

“ನಾನs ದೂಡಿದೆ.” ದೇವಕಮ್ಮ ತಲೆ ಎತ್ತಲಿಲ್ಲ. “ಅಂವ ಬಾಯಿ ಬಿಟ್ರ ನಾ ಸತ್ತಂಗ ಅಂತ ಮುಂಜಾನೆ ಇವರು ತಮ್ಮಷ್ಟಕ್ಕ ಗೊಣಗಿದ್ದು ಕೇಳಿದ್ದೆ. ನನಕಿಂತ ಮೊದಲ ಬಂದು ಇವರs ಕೊಂದು ಹೋಗ್ಯಾರ ಅಂತ ತಿಳದೆ. ಕಾಲುವಿ ತುಂಬಿ ಹರೀತಿತ್ತು. ಬಡಕಲು ಮೈ ಅವನದು, ಎಳಕೊಂಡು ಹೋಗಿ ಬಿಟ್ಟೆ. ಎಲ್ಲಿಗರ ಹರಕೊಂಡು ಹೋಗ್ಲಿ ಅಂತ.”

“ದೇವಕಿ…” ಭಾಗಣ್ಣ ಅವಳ ಪಕ್ಕದಲ್ಲಿ ಕೂತ. ಕೈ ಹಿಡಿಯಲು ಹೋಗಿ ಹಿಂದೆಗೆದ. “ನಾ ಕೊಂದಿಲ್ಲ.”

“ಈಗ ಗೊತ್ತಾತು. ಆಕೀನ ಕಂಡs ಓಡಿ ಬಂದವರು ನೀವು, ಯಾರನ್ನ ಕೊಲ್ತೀರಿ?”

ಮೌನಮ್ಮ ಆಕೆಯ ಎದುರಿಗೆ ಮಂಡಿಯೂರಿದಳು. “ಎರಡು ದಿನ ಸುಮ್ಮನಿದ್ದು ಈಗ ಎದಕ ಹೇಳಾಕತ್ತೀರಿ ಅಕ್ಕಾರ? ಇವರು ಗೌಹರಬೇಗಂನ ಕಂಡೀನಿ ಅಂದ್ರು. ನೀವು ಬಾಯಿ ಮುಚ್ಚಿದ್ರ ಆಕಿ ಒಳಗ ಹೋಗ್ತಿದ್ಲು.”

“ಹೋಗ್ಲಿ ಅಂತ ಎರಡು ದಿನ ಬೇಡಿಕೊಂಡೀನಿ. ಆದ್ರ ಮಾಡದ ತಪ್ಪಿಗೆ…” ದೇವಕಮ್ಮ ಕಣ್ಣೊರೆಸಿಕೊಂಡಳು. ಏನನ್ನೋ ನಿರ್ಧರಿಸಿದವಳಂತೆ ಎದ್ದು ಒಳಕೋಣೆಗೆ ಹೋದಳು. ಟ್ರಂಕು ತೆರೆದ ಸಪ್ಪಳ ಕೇಳಿಸಿತು. ಮರಳಿ ಬಂದಾಗ ಅಂಗೈಯಲ್ಲಿ ಬೆರಳುದ್ದದ ಗಾಜಿನ ಬಾಟಲಿಯಿತ್ತು.

“ಇದು ಹುಲಗಪ್ಪನ ಮುಷ್ಟ್ಯಾಗ ಇತ್ತು. ಯಾಕ ತಗೊಂಡ್ನೋ ಗೊತ್ತಿಲ್ಲ. ತಪ್ಪು ಆಕೀದೋ ಅಲ್ಲೋ, ನೀವs ನೋಡ್ರಿ.”

ಬಾಟಲಿಯಲ್ಲಿ ಅರ್ಧದಷ್ಟು ಮಬ್ಬು ನೀರು. ಮೇಲೆ ಚೀಟಿ. ಒದ್ದೆಯಾಗಿ ಒಣಗಿದ್ದರೂ ಪೆನ್ಸಿಲಿನ ಅಕ್ಷರ ಅಳಿಸಿರಲಿಲ್ಲ.

‘ಗೋಗಿ ತೊಟ್ಟಿ. ಬುಧವಾರ, ಬೆಳಿಗ್ಗೆ ಒಂಬತ್ತೂವರೆ.’

ದುಂಡಗಿನ, ತುಸು ಎಡಕ್ಕೆ ವಾಲಿದ ಅಕ್ಷರ. ಏಳು ವರ್ಷ ಪಕ್ಕದಲ್ಲಿ ಕೂತು ಈ ಅಕ್ಷರವನ್ನು ನಕಲು ಮಾಡಲು ಮೌನಮ್ಮ ಎಷ್ಟು ಹಾಳೆ ಹರಿದಿದ್ದಳೋ! ಒಮ್ಮೆಯೂ ಬಂದಿರಲಿಲ್ಲ.

ಇದು ಗೌಹರಳ ಕೈಬರಹ. ಹಾಗಾದರೆ ಆಕೆ ಹೇಳಿದ್ದು ಸುಳ್ಳು.

ಎದೆಯೊಳಗೆ ಏನೋ ಹಗುರಾಗಿ ಮೇಲೆದ್ದಿತು. ಅದು ಸಂತೋಷ ಎಂದು ತಿಳಿದಾಗ ಮೌನಮ್ಮನಿಗೆ ತನ್ನ ಬಗ್ಗೆಯೇ ಹೇಸಿಗೆಯಾಯಿತು. ಮನುಷ್ಯ ಸತ್ತಿದ್ದಾನೆ. ಬಾಲಮ್ಮನ ಕಾಲು ಕೊಳೆಯುತ್ತಿದೆ. ನಾನು ಮಾತ್ರ, ಮೂವತ್ತು ವರ್ಷದ ನಂತರ, ಮೊದಲ ಸಲ ಗೆದ್ದವಳ ಹಾಗೆ ನಿಂತಿದ್ದೇನೆ.

“ಕೇಸು ಸಾಹೇಬರಿಗೆ ಕೊಟ್ಟುಬಿಡ್ರಿ ಮೇಡಮ್,” ಅಯ್ಯಪ್ಪ ಮೆಲ್ಲಗೆ ಹೇಳಿದ. “ನಿಮ್ಮ ಗೆಳತಿ ಆಕಿ. ನಾಳೆ ಮಂದಿ ಏನರ ಅಂತಾರ.”

“ಗೆಳತಿ ಅಂತ ಬಿಟ್ಳು ಅಂತಾರಂತ ಹೆದರೀಯೇನು ನೀ?” ಮೌನಮ್ಮ ಬಾಟಲಿಯನ್ನು ಕರ್ಚೀಫಿನಲ್ಲಿ ಸುತ್ತಿದಳು. “ನನ್ನ ಹೆದರಿಕಿ ಬ್ಯಾರೆ ಅದ.”

ಭಾಗಣ್ಣ, ದೇವಕಮ್ಮ ಇಬ್ಬರನ್ನೂ ಜೀಪು ಹತ್ತಿಸಲು ಹೇಳಿ ಅಂಗಳಕ್ಕೆ ಬಂದಳು. ಬೇವಿನ ಗಿಡದ ನೆರಳಿಗೆ ನಿಂತು, ಫೋನು ತೆಗೆದು ಗೌಹರಬೇಗಂಳ ನಂಬರು ಒತ್ತಿದಳು. ಏನು ಕೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಂಡಳು. ಬುಧವಾರದ ಮಾತು ಎತ್ತಬಾರದು, ಬಾಟಲಿಯ ಸುಳಿವು ಕೊಡಬಾರದು, ಸುಮ್ಮನೆ ಎಲ್ಲಿದ್ದೀ ಎಂದಷ್ಟೇ ಕೇಳಬೇಕು.

ಒಂದೇ ರಿಂಗಿಗೆ ಆ ಕಡೆ ಎತ್ತಿದರು. ಮೌನಮ್ಮ ಬಾಯಿ ತೆರೆಯುವ ಮೊದಲೇ ಗೌಹರಳ ದನಿ ಬಂತು. ಪಿಸುಮಾತು, ಏದುಸಿರು.

“ಮೌನಾ, ಬಾಟ್ಲಿ ಸಿಕ್ತೇನು?”